ಹತ್ತೊಂಬತ್ತನೆಯ ಸಾಲಿನ ರಫು

ಮೇಜಿನ ಬಿಳಿ ಬಟ್ಟೆಯ ಮೇಲೆ ಚೆಲ್ಲಿದ ಉಪ್ಪಿನ ಹರಳುಗಳನ್ನು ತನ್ನ ಹೆಂಡತಿ ಬಾಗಿಲಲ್ಲಿ ನಿಂತೇ ಎಣಿಸಬಲ್ಲಳು ಎಂದು ಕ್ಲಾರಿಸ್ ಹೇಗ್‌ಳ ಗಂಡ ಬದುಕಿದ್ದಷ್ಟು ದಿನ ಸ್ನೇಹಿತರ ಮುಂದೆ ಜಂಬ ಕೊಚ್ಚುತ್ತಿದ್ದ. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಹದಿಮೂರನೆಯ ವಯಸ್ಸಿಗೆ ಹಡರ್ಸ್‌ಫೀಲ್ಡಿನ ಒಂದು ಉಣ್ಣೆ ಗಿರಣಿಯ ರಫು ಕೋಣೆ ಸೇರಿದವಳು ಇಪ್ಪತ್ತಾರು ವರ್ಷ ಅಲ್ಲೇ ಕುಳಿತಳು. ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹರವಿ, ಎಲ್ಲಿ ಹಾಸಿನ ಎಳೆ ತಪ್ಪಿದೆ, ಎಲ್ಲಿ ಹೊಕ್ಕು ಹಾರಿದೆ ಎಂದು ಹುಡುಕಿ, ಸೂಜಿಯಿಂದ ಆ ಎಳೆಯನ್ನು ಮತ್ತೆ ನೇಯ್ದು ಸೇರಿಸುವುದು ಅವಳ ಕೆಲಸ. ಚೆನ್ನಾಗಿ ಹಾಕಿದ ರಫುವನ್ನು ಹಾಕಿದವಳೇ ಮರುದಿನ ಹುಡುಕಿದರೂ ಸಿಗಬಾರದು. ಆ ಕೋಣೆಗೆ ಇದ್ದದ್ದು ಒಂದೇ ಕಟ್ಟಳೆ. ಕಣ್ಣಿಗೆ ಬಿದ್ದ ತಪ್ಪನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಆಮೇಲೆ ಗಂಡನಿಗೆ ರೈಲ್ವೆಯಲ್ಲಿ ಮ್ಯಾಂಚೆಸ್ಟರಿಗೆ ವರ್ಗವಾಯಿತು. ಯುದ್ಧದ ನಡುವೆ ಅವನು ನ್ಯುಮೋನಿಯಾದಲ್ಲಿ ತೀರಿಕೊಂಡ. ಮ್ಯಾಂಚೆಸ್ಟರು ಹತ್ತಿಯ ಊರು. ಹತ್ತಿ ಬಟ್ಟೆಗೆ ಇಲ್ಲಿ ಯಾರೂ ಅಷ್ಟು ಮುತುವರ್ಜಿಯಿಂದ ರಫು ಹಾಕುತ್ತ ಕೂರುವುದಿಲ್ಲ, ಕೆಟ್ಟದ್ದನ್ನು ಅಗ್ಗಕ್ಕೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಉಣ್ಣೆಯ ಸೀಮೆಯ ಕ್ಲಾರಿಸ್‌ಗೆ ಇದು ನಾಚಿಕೆಗೆಟ್ಟ ಬುದ್ಧಿ ಅನ್ನಿಸುತ್ತಿತ್ತು, ಕೇಳಿದವರಿಗೂ ಕೇಳದವರಿಗೂ ಹಾಗೆಂದು ಹೇಳಿಯೂ ಹೇಳುತ್ತಿದ್ದಳು. ಕಡೆಗೆ ನಲವತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಆ ಊರಿನ ಒಂದು ಸಂಶೋಧನಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಚಹಾ ಮಾಡಿ ಕೊಡುವುದು, ಬಟ್ಟಲು ತೊಳೆಯುವುದು.

ಅಲ್ಲಿ ಲೆಕ್ಕ ಮಾಡುವ ಯಂತ್ರವೊಂದನ್ನು ಕಟ್ಟುತ್ತಿದ್ದರು. ಮೂರು ಗೋಡೆ ತುಂಬ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ತುಂಬ ಬಲ್ಬಿನ ಹಾಗೆ ಉರಿಯುವ ಗಾಜಿನ ವಾಲ್ವುಗಳು. ಅವುಗಳ ಕಾವಿಗೆ ಜನವರಿಯಲ್ಲೂ ಕೋಟು ಬಿಚ್ಚಿಡಬೇಕು. ಈ ಯಂತ್ರ ಲೆಕ್ಕ ಮಾಡಬೇಕಾದರೆ ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಲ್ಲ, ಆ ನೆನಪಿನ ಭಾಗವನ್ನು ಗಾಜಿನ ಟ್ಯೂಬುಗಳಲ್ಲಿ ಕಟ್ಟಿದವನು ಅರ್ನಾಲ್ಡ್ ಟ್ಯಾಟರ್ಸಾಲ್. ಇಪ್ಪತ್ತೇಳು ವರ್ಷದ ಕಡ್ಡಿ ಪೈಲ್ವಾನ. ಯುದ್ಧದಲ್ಲಿ ರಾಡಾರ್ ಕೆಲಸ ಮಾಡಿ ಬಂದವನು, ಬರ್ನ್ಲಿಯ ನೇಕಾರಳೊಬ್ಬಳ ಮಗ.

ಬಂದ ವಾರದಲ್ಲೇ ಕ್ಲಾರಿಸ್ ಅವನನ್ನು ಕೇಳಿದಳು. "ಅಲ್ಲಪ್ಪ, ಈ ಗಾಜಿನ ಟ್ಯೂಬೊಳಗೆ ನೆನಪು ಎಲ್ಲಿ ಕೂತಿರತ್ತೆ?"

ಅವನು ಟ್ಯೂಬಿನ ಅಗಲವಾದ ಮುಖವನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇಲ್ಲಿ, ಒಳಮೈಯಲ್ಲಿ. ಹಿಂದಿನಿಂದ ಒಂದು ಕಿರಣ ಬಂದು ಬಡಿದ ಕಡೆ ಚೂರು ಚಾರ್ಜು ನಿಲ್ಲತ್ತೆ. ಮೂವತ್ತೆರಡು ಸಾಲು, ಸಾಲಿಗೆ ಮೂವತ್ತೆರಡು ಮನೆ. ಕೆಲವು ಮನೇಲಿ ಚುಕ್ಕಿ ಇರತ್ತೆ, ಕೆಲವು ಖಾಲಿ. ಅಷ್ಟೇ ನೆನಪು. ಆದ್ರೆ ಚಾರ್ಜು ನಿಲ್ಲಲ್ಲ ಮಿಸೆಸ್ ಹೇಗ್, ಕಣ್ಣು ಮಿಟುಕಿಸೋದ್ರೊಳಗೆ ಸೋರಿಹೋಗತ್ತೆ."

"ಮತ್ತೆ?"

"ಮರೆಯೋಕೆ ಮುಂಚೆ ಓದಿ, ಮತ್ತೆ ಬರೀತೀವಿ. ಮತ್ತೆ ಓದಿ, ಮತ್ತೆ ಬರೆದು. ದಿನವಿಡೀ ಅದೇ ಕೆಲಸ."

"ಚಿಕ್ಕೋಳಿದ್ದಾಗ ನಮ್ಮಮ್ಮ ಅಂಗಡಿಗೆ ಕಳಿಸಿದ್ರೆ ನಾನೂ ಹಂಗೇ ಕಣಪ್ಪ. ಬ್ರೆಡ್ಡು, ಬೆಣ್ಣೆ, ಸೋಪು, ಬ್ರೆಡ್ಡು, ಬೆಣ್ಣೆ, ಸೋಪು ಅಂತ ದಾರಿಯುದ್ದಕ್ಕೂ ಹೇಳ್ಕೊಂಡೇ ಹೋಗ್ತಿದ್ದೆ. ನಡುವೆ ಯಾರಾದ್ರೂ ಮಾತಾಡಿಸಿದ್ರೋ, ಸೋಪು ಹೋಯ್ತು."

ಅರ್ನಾಲ್ಡ್ ಜೋರಾಗಿ ನಕ್ಕ. ಅವನು ಬರೆದ ನಲವತ್ತು ಪುಟದ ವರದಿಯಲ್ಲಿ ಇದಕ್ಕಿಂತ ಚೆನ್ನಾಗಿ ವಿವರಿಸಿದ ಜಾಗ ಒಂದೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಇಬ್ಬರಿಗೂ ಇನ್ನೊಂದು ನಂಟು ಸಿಕ್ಕಿತು. ಮಗ್ಗಗಳ ಗದ್ದಲದಲ್ಲಿ ಧ್ವನಿ ಕೇಳುವುದಿಲ್ಲವಾದ್ದರಿಂದ ಗಿರಣಿಯ ನೇಕಾರ ಹೆಂಗಸರು ತುಟಿ ಆಡಿಸಿಯೇ ಮಾತನಾಡುತ್ತಾರೆ. ಅರ್ನಾಲ್ಡ್‌ನ ತಾಯಿಯಂತೆಯೇ ಕ್ಲಾರಿಸ್‌ಳ ತಾಯಿಯೂ ಮಗ್ಗದ ಮುಂದೆ ಕಿವಿ ಕಳೆದುಕೊಂಡವಳು. ಹಾಗಾಗಿ ಇಬ್ಬರ ಮನೆಯಲ್ಲೂ ಊಟದ ಹೊತ್ತಿನ ಜಗಳ ಸಮೇತ ಎಲ್ಲವೂ ತುಟಿಮಾತಿನಲ್ಲೇ ನಡೆದಿತ್ತು. ಯಂತ್ರದ ಫ್ಯಾನುಗಳ ಸದ್ದಿನ ನಡುವೆ, ಕೋಣೆಯ ಆ ತುದಿಯಿಂದ ಈ ತುದಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಲು ಅವರು ಬಾಯಿ ಬಿಡಬೇಕಾಗಿರಲಿಲ್ಲ. ಸಕ್ಕರೆಗೆ ಇನ್ನೂ ರೇಷನ್ ಇತ್ತು. ತನ್ನ ಪಾಲಿನ ಅರ್ಧ ಚಮಚ ಅರ್ನಾಲ್ಡ್‌ನ ಬಟ್ಟಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಕ್ಲಾರಿಸ್ ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ಒಂದು ದಿನ ಅರ್ನಾಲ್ಡ್ ಹೊಸ ಟ್ಯೂಬುಗಳನ್ನು ಪರೀಕ್ಷಿಸುತ್ತಿದ್ದ. ಟ್ಯೂಬಿನ ಎಲ್ಲ ಮನೆಗಳಿಗೂ ಚುಕ್ಕಿ ತುಂಬಿ, ಯಾವ ಚುಕ್ಕಿ ನಿಲ್ಲುವುದಿಲ್ಲ ಎಂದು ಭೂತಗನ್ನಡಿ ಹಿಡಿದು ಹುಡುಕುವುದು. ಒಂದು ಟ್ಯೂಬಿಗೆ ಅರ್ಧ ದಿನ ಹಿಡಿಯುತ್ತಿತ್ತು. ಚಹಾ ತಂದ ಕ್ಲಾರಿಸ್ ಹಿಂದಿನಿಂದ ಬಗ್ಗಿ ನೋಡಿ, "ನಾಲ್ಕನೇ ಸಾಲಲ್ಲಿ ಒಂದು, ಇಪ್ಪತ್ತೇಳರಲ್ಲಿ ಒಂದು. ಬಟ್ಟಲು ತಗೋ, ಆರಿಹೋಗತ್ತೆ" ಎಂದಳು. ಅವನು ಎಣಿಸಿ ನೋಡಿದ, ಸರಿಯಾಗಿತ್ತು. ಅಂದಿನಿಂದ ಟ್ಯೂಬಿನ ಪರೀಕ್ಷೆ ಅವಳ ಪಾಲಿಗೆ ಬಂತು. ಬಿದ್ದ ಚುಕ್ಕಿಯನ್ನು ಗುಂಡಿ ಒತ್ತಿ ಮತ್ತೆ ಹಾಕಿ, ನಿಲ್ಲುತ್ತದೋ ಇಲ್ಲವೋ ನೋಡುವುದನ್ನೂ ಅವನೇ ಕಲಿಸಿದ. ಸಾಲು ಆರಿಸಲು ಒಂದು ತಿರುಗಣಿ, ಮನೆ ಆರಿಸಲು ಮೂವತ್ತೆರಡು ಗುಂಡಿ.

ಇಷ್ಟು ಕಣ್ಣಿದ್ದವಳನ್ನು ಬಟ್ಟಲು ತೊಳೆಯಲು ಬಿಡುವುದೇ ಎಂದು, ಫೆಬ್ರವರಿಯಿಂದ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಯಂತ್ರದ ಕಾವಲಿಗೂ ಅವಳನ್ನೇ ಕೂರಿಸಿದರು. ಆಗ ಯಂತ್ರ ಐವತ್ತು ನಿಮಿಷದ ಒಂದು ದೊಡ್ಡ ಲೆಕ್ಕ ಮಾಡುತ್ತಿತ್ತು. ಗಂಡಸರೆಲ್ಲ ಕ್ಯಾಂಟೀನಿಗೆ ಹೋಗುವಾಗ ಅರ್ನಾಲ್ಡ್ ಹೇಳಿದ್ದು ಒಂದೇ ಮಾತು. "ಹೊಗೆ ಬಂದ್ರೆ ಕೆಂಪು ಸ್ವಿಚ್ ಆರಿಸಿಬಿಡಿ. ಮತ್ತೇನಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕ್ಲಾರಿಸ್ ತನ್ನ ಮಾಂಸ ಆಲೂಗಡ್ಡೆಯ ಪೈ ತಿನ್ನುತ್ತ, ಟ್ಯೂಬಿನೊಳಗಿನ ಚುಕ್ಕಿಗಳನ್ನು ತೋರಿಸುವ ಪರದೆಯನ್ನು ನೋಡುತ್ತಿದ್ದಳು. ಹಸಿರು ಚುಕ್ಕಿಗಳು ಸಾಲಿನಿಂದ ಸಾಲಿಗೆ ಒಂದೊಂದು ಮನೆ ಜರುಗುತ್ತ ಓರೆಗೀರಿನ ನೇಯ್ಗೆಯ ಹಾಗೆ ಹೋಗುತ್ತಿದ್ದವು. ನೋಡುತ್ತಿದ್ದಂತೆ ಹತ್ತೊಂಬತ್ತನೆಯ ಸಾಲಿನಲ್ಲಿ ಓರೆ ತುಂಡಾಗಿದ್ದು ಕಂಡಿತು, ಆರನೆಯ ಮನೆ ಖಾಲಿ. ಎಳೆ ತಪ್ಪಿದೆ. ಅವಳು ಬೆರಳಿಗೆ ಅಂಟಿದ ಪೈ ಒರೆಸಿಕೊಂಡು, ತಿರುಗಣಿ ತಿರುಗಿಸಿ, ಗುಂಡಿ ಒತ್ತಿ ಆ ಮನೆಗೆ ಚುಕ್ಕಿ ಹಾಕಿದಳು. ಓರೆ ಕೂಡಿಕೊಂಡಿತು. ಚೆಲುವಾಗಿ ಕಂಡಿತು. ಗಿರಣಿಯಲ್ಲಿ ಪ್ರತಿ ರಫುವನ್ನೂ ಚೀಟಿಯಲ್ಲಿ ಬರೆದು ಬಟ್ಟೆಗೆ ಕಟ್ಟುವುದು ವಾಡಿಕೆ. ಅದರಂತೆ ಏಪ್ರನ್ನಿನ ಜೇಬಿನ ಪುಟ್ಟ ಪುಸ್ತಕದಲ್ಲಿ ತಾರೀಕು, ಸಾಲು, ಮನೆ ಬರೆದಿಟ್ಟು, ಉಳಿದ ಪೈ ಮುಗಿಸಿದಳು. ಮರುದಿನವೂ ಅದೇ ಜಾಗ ಖಾಲಿ. ಪಾಪ, ಹಳೆಯ ಟ್ಯೂಬು ಎಂದುಕೊಂಡು ಮತ್ತೆ ಹಾಕಿದಳು. ಅಲ್ಲೊಂದು ಇಲ್ಲೊಂದು ಬೇರೆ ಮನೆಗಳೂ ಸಿಕ್ಕವು.

ಆ ವಾರದಿಂದ ಯಂತ್ರ ಬೆಳಿಗ್ಗೆ ಸರಿ ಉತ್ತರ, ಮಧ್ಯಾಹ್ನ ತಪ್ಪು ಉತ್ತರ ಕೊಡತೊಡಗಿತು.

ಅರ್ನಾಲ್ಡ್ ಪಟ್ಟ ಪಾಡು ನಾಯಿಪಾಡು. ಟ್ಯೂಬು ಬದಲಾಯಿಸಿದ, ಒಂದಲ್ಲ ಆರು ಬಾರಿ. ಹೊರಗಿನ ಯಾವುದೋ ವಿದ್ಯುತ್ತು ಒಳಗೆ ನುಗ್ಗುತ್ತಿದೆಯೇನೋ ಎಂದು ಟ್ಯೂಬಿನ ಸುತ್ತ ತಾಮ್ರದ ಬಲೆ ಸುತ್ತಿದ. ಬೀದಿಯಲ್ಲಿ ನಿಂತು ಲಾರಿ ಎಣಿಸಿದ. ಮೂಲೆಯಲ್ಲಿ ಕರಿದ ಮೀನು, ಆಲೂಗಡ್ಡೆ ಮಾರುವ ಮೀನಂಗಡಿಯವನು ಆಲೂಗಡ್ಡೆ ಸಿಪ್ಪೆ ತೆಗೆಯುವ ಮೋಟಾರನ್ನು ಊಟದ ಹೊತ್ತಿಗೇ ಓಡಿಸುತ್ತಾನೆಂದು ಅವನ ಕೈಕಾಲು ಹಿಡಿದು ಒಂದು ದಿನ ನಿಲ್ಲಿಸಿಯೂ ಬಂದ. ಅಂದೂ ಉತ್ತರ ತಪ್ಪೇ ಬಂತು.

ಇದರಿಂದ ಹಿಗ್ಗಿದವನು ಸ್ಟ್ಯಾನ್ಲಿ ಕ್ರ್ಯಾಬ್‌ಟ್ರೀ. ಅವನಿಗೂ ಅರ್ನಾಲ್ಡ್‌ಗೂ ಎಣ್ಣೆ ಸೀಗೆಕಾಯಿ. ಗಾಜಿನ ಟ್ಯೂಬಿನ ನೆನಪು ಮಕ್ಕಳಾಟ, ಪಾದರಸ ತುಂಬಿದ ಉದ್ದನೆಯ ಕೊಳವೆಯಲ್ಲಿ ಸದ್ದಿನ ಅಲೆಗಳನ್ನು ಓಡಿಸಿ ಅಂಕಿ ನೆನಪಿಡುವುದೇ ಸರಿ ಎಂಬುದು ಅವನ ವಾದ. ಅಂಥದ್ದೊಂದು ಕೊಳವೆಯನ್ನು ಪಕ್ಕದ ಕೋಣೆಯಲ್ಲಿ ಕಟ್ಟಿಯೂ ಇಟ್ಟಿದ್ದ. ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ. "ಏನಯ್ಯ ಟ್ಯಾಟರ್ಸಾಲ್, ಇವತ್ತು ಯಾರ ತಲೆಗೆ ಕಟ್ತೀಯ? ಮೀನಂಗಡಿಯೋನಾಯ್ತು, ಲಾರಿಯೋನಾಯ್ತು. ಪಾದ್ರಿ ಪಾಪ ಇನ್ನೂ ಉಳಿದಿದಾನೆ ನೋಡು."

ಸಂಶೋಧನಾಲಯದ ಮುಖ್ಯಸ್ಥರು ಡಾಕ್ಟರ್ ಕ್ರಾಶಾ. ಕೆಟ್ಟವರಲ್ಲ, ಆದರೆ ಹಣ ಕೊಡುವ ಲಂಡನ್ನಿನವರಿಗೆ ಹೆದರುವವರು. ಸೋಮವಾರ ಅರ್ನಾಲ್ಡ್‌ನನ್ನು ಕರೆದು ಎಲ್ಲರೆದುರೇ ಹೇಳಿದರು. "ಶುಕ್ರವಾರ ಮಧ್ಯಾಹ್ನ ಲಂಡನ್ನಿಂದ ಮೂರು ಜನ ಬರ್ತಿದಾರೆ. ಅವರ ಮುಂದೆ ಆ ಐವತ್ತು ನಿಮಿಷದ ಲೆಕ್ಕ ಸರಿಯಾಗಿ ಬಂದ್ರೆ ನಿನ್ನ ಟ್ಯೂಬೇ ಇಟ್ಕೊಳ್ಳೋಣ. ಇಲ್ದಿದ್ರೆ ಪಾದರಸ. ಆಮೇಲೆ ನಿನಗೆ ಇಲ್ಲಿ ಕೊಡೋಕೆ ನನ್ನ ಹತ್ರ ಕೆಲಸ ಇರಲ್ಲ, ನೋಡಪ್ಪ."

ಮಂಗಳವಾರ ಮಧ್ಯಾಹ್ನ ಅರ್ನಾಲ್ಡ್ ಊಟದಿಂದ ಬೇಗ ಬಂದ. ಊಟ ಮಾಡಿದ್ದನೋ ಇಲ್ಲವೋ. ಪರದೆಯ ಮುಂದೆ ಕುಕ್ಕರಿಸಿ, ತನಗೆ ತಾನೇ ಎಂಬಂತೆ, ಪಕ್ಕದಲ್ಲಿದ್ದ ಕ್ಲಾರಿಸ್‌ಗೆ ತೋರಿಸಿದ.

"ಇಲ್ಲಿ ನೋಡಿ ಮಿಸೆಸ್ ಹೇಗ್. ಹತ್ತೊಂಬತ್ತನೇ ಸಾಲು, ಆರನೇ ಮನೆ. ಇದು ಖಾಲಿ ಇರ್ಬೇಕು. ದಿನಾ ಊಟದ ಹೊತ್ತಿಗೆ ತುಂಬ್ಕೊಳ್ತಿದೆ. ಅಕ್ಕಪಕ್ಕದ ಮನೆ ಚಾರ್ಜು ಉಕ್ಕಿ ಇದರೊಳಗೆ ಬೀಳ್ತಿದೆ ಅಂತ ಕಾಣತ್ತೆ. ಹಂಗೇನಾದ್ರೂ ಆಗಿದ್ರೆ ನನ್ನ ಇಡೀ ಯೋಚನೇನೇ ತಪ್ಪು. ಎರಡು ವರ್ಷ ಮಣ್ಣುಪಾಲು."

"ಖಾಲಿ ಇರ್ಬೇಕಾ?" ಎಂದಳು ಕ್ಲಾರಿಸ್. ತನ್ನ ಧ್ವನಿ ತನಗೇ ಬೇರೆ ಯಾರದೋ ಅನ್ನಿಸಿತು.

"ಖಾಲೀನೂ ಲೆಕ್ಕವೇ ಅಲ್ವಾ. ಇಲ್ಲಿ ಚುಕ್ಕಿ ಬಂದ್ರೆ ಕೂಡಿಸು ಅನ್ನೋದು ಕಳೆ ಅಂತ ಆಗ್ಬಿಡತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕ್ಲಾರಿಸ್‌ಳ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಉಳಿದವರು ಬಂದರು, ಕ್ರ್ಯಾಬ್‌ಟ್ರೀ ಬಾಗಿಲಲ್ಲಿ ಸಿಳ್ಳೆ ಹಾಕಿದ, ಅವಳು ಬಟ್ಟಲು ತಟ್ಟೆ ಬಾಚಿಕೊಂಡು ಹೊರಟುಹೋದಳು.

ಅಂದು ಸಂಜೆ ಮನೆಗೆ ನಡೆಯುತ್ತ ಅವಳು ಯೋಚಿಸಿದ್ದೆಲ್ಲ ಇಲ್ಲಿ ಹೇಳಬೇಕು, ಯಾಕೆಂದರೆ ಒಳ್ಳೆಯ ಹೆಂಗಸೆಂದು ಅವಳನ್ನು ಸುಮ್ಮನೆ ಹೊಗಳಿಬಿಡುವುದು ನನಗಿಷ್ಟವಿಲ್ಲ. ಮೊದಲು ಬಂದದ್ದು ಕೆಲಸ ಹೋಗುತ್ತದಲ್ಲ ಎಂಬ ಭಯ. ಎರಡನೆಯದು ಕ್ರ್ಯಾಬ್‌ಟ್ರೀಯ ನಗು. ಮೂರನೆಯದಾಗಿ ಒಂದು ಸೊಗಸಾದ ಉಪಾಯ ಹೊಳೆಯಿತು. ನಾಳೆಯಿಂದ ಗುಂಡಿ ಮುಟ್ಟದೆ ಕೂತರೆ ಸಾಕು. ಯಂತ್ರ ಸರಿಹೋಗುತ್ತದೆ, ಹುಡುಗ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ, ಯಾರಿಗೂ ನೋವಿಲ್ಲ. ಈ ಉಪಾಯದೊಂದಿಗೆ ಅವಳು ಎರಡು ಬೀದಿ ಹಗುರಾಗಿ ನಡೆದಳು. ಮೂರನೆಯ ಬೀದಿಯಲ್ಲಿ ಅದು ಕೆಟ್ಟಿತು. ಯಾಕೆ ಸರಿಹೋಯಿತು ಎಂದು ಗೊತ್ತಿಲ್ಲದೆ ಅವನು ಲಂಡನ್ನಿನವರ ಮುಂದೆ ನಿಲ್ಲುತ್ತಾನೆ. ಗೊತ್ತಿಲ್ಲದೆಯೇ ಹತ್ತು ವರ್ಷ ತಾಮ್ರದ ಬಲೆ ಸುತ್ತುತ್ತಿರುತ್ತಾನೆ. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಹೋದ ಮನುಷ್ಯನ ಮುಖ ಹೇಗಿರುತ್ತದೆಂದು ಅವಳು ಅಂದು ಮಧ್ಯಾಹ್ನವಷ್ಟೇ ನೋಡಿದ್ದಳು.

ಬುಧವಾರ ಬೆಳಿಗ್ಗೆ ಹತ್ತರ ಚಹಾಕ್ಕೆ ಎಲ್ಲರೂ ಸೇರಿದ್ದಾಗ ಅವಳು ಟ್ರೇ ಕೆಳಗಿಟ್ಟು, ಪುಸ್ತಕವನ್ನು ಅರ್ನಾಲ್ಡ್‌ನ ಮುಂದಿಟ್ಟಳು.

"ಆ ಚುಕ್ಕಿ ಉಕ್ಕಿ ಬಿದ್ದದ್ದಲ್ಲಪ್ಪ. ನಾನು ಹಾಕಿದ್ದು. ಎಳೆ ತಪ್ಪಿದೆ ಅಂತ ರಫು ಮಾಡಿದೆ. ದಿನಾ. ಎಲ್ಲಾ ಇದರಲ್ಲಿ ಬರ್ದಿದೀನಿ."

ಕ್ರ್ಯಾಬ್‌ಟ್ರೀ ನಕ್ಕ ನಗುವಿಗೆ ಅವನ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. "ರಫು. ಕೇಳಿದ್ರಾ ಡಾಕ್ಟರೇ, ನಮ್ಮ ಯಂತ್ರಕ್ಕೆ ಈಯಮ್ಮ ಕಾಲುಚೀಲದ ಹಾಗೆ ರಫು ಹಾಕಿದಾರೆ."

ಡಾಕ್ಟರ್ ಕ್ರಾಶಾ ಕೆಂಪಗಾದರು. "ಮಿಸೆಸ್ ಹೇಗ್, ನಾಳೆಯಿಂದ ನೀವು ಅಡುಗೆಮನೆ ಬಿಟ್ಟು ಈಚೆ ಬರಬೇಡಿ. ನಾಳೆ ಅಂತಲ್ಲ, ಈಗಿಂದಲೇ."

ಅರ್ನಾಲ್ಡ್ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಪುಸ್ತಕದ ಹಾಳೆಗಳನ್ನು ಮಗುಚುತ್ತಿದ್ದ. ತಪ್ಪು ಉತ್ತರಗಳ ಕಟ್ಟನ್ನು ಎಳೆದುಕೊಂಡು ತಾರೀಕಿಗೆ ತಾರೀಕು ಹೊಂದಿಸಿದ. ಕಾಗದ ತೆಗೆದುಕೊಂಡು, ಈ ಮನೆಗೆ ಚುಕ್ಕಿ ಬಿದ್ದರೆ ಉತ್ತರ ಏನು ಬರಬೇಕು ಎಂದು ಕೈಯಲ್ಲೇ ಲೆಕ್ಕ ಹಾಕಿದ. ಒಂದು ದಿನದ್ದು ಹೊಂದಿತು. ಎರಡನೆಯದೂ ಹೊಂದಿತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ದಿನದ್ದೂ ಹೊಂದಿತ್ತು.

ಅವನು ಡಾಕ್ಟರ್ ಕ್ರಾಶಾರ ಕೋಣೆಗೆ ಹೋದ. "ಸರ್, ಇದು ನೋಡಿ. ಮೂವತ್ತೊಂದು ಚುಕ್ಕಿ ಹಾಕಿದಾರೆ. ಮೂವತ್ತೊಂದರಲ್ಲಿ ಒಂದನ್ನೂ ಟ್ಯೂಬು ಮರೆತಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಇಟ್ಕೊಂಡಿದೆ, ತಪ್ಪು ಹೇಳಿಕೊಟ್ರೆ ತಪ್ಪನ್ನೂ. ಇಂಥ ಪರೀಕ್ಷೆ ನಾನೇ ಮಾಡ್ಬೇಕು ಅಂದಿದ್ರೂ ಆಗ್ತಿರಲಿಲ್ಲ." ಉಸಿರು ಎಳೆದುಕೊಂಡು ಮುಂದುವರಿಸಿದ. "ಶುಕ್ರವಾರ ಮಿಸೆಸ್ ಹೇಗ್ ಪರದೆ ಮುಂದೆ ಇರ್ಬೇಕು. ಟ್ಯೂಬಿಂದ ನಿಜವಾಗ್ಲೂ ಏನಾದ್ರೂ ಬಿದ್ರೆ ನಮ್ಮಲ್ಲಿ ಕಾಣೋದು ಅವರೊಬ್ಬರಿಗೇ."

"ಮತ್ತೆ ಗುಂಡಿ ಮುಟ್ಟಿದ್ರೆ?"

"ನಾನು ಬಾಯಿಬಿಟ್ಟು ಹೇಳ್ದೇ ಅವರು ಮುಟ್ಟಲ್ಲ. ನಾನು ಜವಾಬ್ದಾರಿ."

ಗುರುವಾರವಿಡೀ ಅರ್ನಾಲ್ಡ್ ಚೌಕಳಿ ಕಾಗದದಲ್ಲಿ ಚುಕ್ಕಿಗಳನ್ನು ಬರೆದು ಕ್ಲಾರಿಸ್‌ಗೆ ಕಲಿಸಿದ. ಈ ಹನ್ನೆರಡು ಸಾಲು ಬದಲಾಗುವುದಿಲ್ಲ, ಇವು ಯಂತ್ರ ಏನು ಮಾಡಬೇಕೆಂಬ ಆಜ್ಞೆಗಳು. ಈ ಸಾಲುಗಳು ಲೆಕ್ಕದ ಜೊತೆ ಕುಣಿಯುತ್ತವೆ. ಇಲ್ಲಿ ಖಾಲಿ ಇರುವುದು ಬೇಕೆಂದೇ ಖಾಲಿ. ಹೊಸ ನಮೂನೆಯ ಬಟ್ಟೆ ಬಂದಾಗ ರಫು ಕೋಣೆಯವರು ಮಾಡುವಂತೆಯೇ ಅವಳು ಅದನ್ನು ಬಾಯಿಪಾಠ ಮಾಡಿಕೊಂಡಳು. ಇಷ್ಟು ದಿನ ಖಾಲಿ ಜಾಗವೆಲ್ಲ ಹರಿದ ಜಾಗ ಎಂದುಕೊಂಡಿದ್ದಕ್ಕೆ ಅವಳಿಗೆ ತನ್ನ ಮೇಲೇ ನಗು ಬಂತು. ಖಾಲಿಯೂ ನೇಯ್ಗೆಯೇ.

ಶುಕ್ರವಾರ ಲಂಡನ್ನಿನ ಮೂವರು ಬಂದರು. ಮಾತನಾಡುವವರು ಒಬ್ಬರೇ, ಮಿಸ್ಟರ್ ಪೆನ್ನಿಫೆದರ್ ಎಂಬ ಎತ್ತರದ ಮುದುಕರು. ಉಳಿದಿಬ್ಬರು ತಲೆಯಾಡಿಸಲು ಬಂದವರು. ಒಂದು ಗಂಟೆಗೆ ಲೆಕ್ಕ ಶುರುವಾಯಿತು. ಸರಿ ಉತ್ತರ ಮುದುಕರ ಜೇಬಿನಲ್ಲಿ ಮಡಿಸಿದ ಕಾಗದದಲ್ಲಿತ್ತು. ಕ್ಲಾರಿಸ್ ಪರದೆಯ ಮುಂದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಭಾನುವಾರದ ಉಡುಪಿನಲ್ಲಿ. ಅರ್ನಾಲ್ಡ್ ಎದುರು ಗೋಡೆಯ ಸ್ವಿಚ್ಚುಗಳ ಬಳಿ. ನಡುವೆ ಅತಿಥಿಗಳು, ಡಾಕ್ಟರ್ ಕ್ರಾಶಾ, ಕ್ರ್ಯಾಬ್‌ಟ್ರೀ.

ಮೂವತ್ತು ನಿಮಿಷ ಕಳೆಯಿತು. ಮೂವತ್ತೆಂಟು. ಮುದುಕರು ಗಡಿಯಾರ ನೋಡಿ ತಲೆದೂಗಿದರು.

ನಲವತ್ತೊಂದನೆಯ ನಿಮಿಷದಲ್ಲಿ ಹತ್ತೊಂಬತ್ತನೆಯ ಸಾಲಿನ ಹನ್ನೊಂದನೆಯ ಮನೆಯ ಚುಕ್ಕಿ ಒಮ್ಮೆ ಮಂಕಾಯಿತು, ಮತ್ತೆ ಬರಲಿಲ್ಲ.

ಕ್ಲಾರಿಸ್ ಮುಂದಕ್ಕೆ ಬಗ್ಗಿದಳು. ಅದೇ ಹಾಳು ಸಾಲು. ಹಳೆಯ ಚಾಳಿಯೋ, ನಿಜವೋ? ಕಾಗದದ ಚೌಕಳಿಯನ್ನು ಮನಸ್ಸಿನಲ್ಲಿ ಹರವಿ ನೋಡಿದಳು. ಅದು ಆಜ್ಞೆಯ ಸಾಲು, ಬದಲಾಗಬಾರದ್ದು. ಲೆಕ್ಕದ ಕೊನೆಯಲ್ಲಿ ಉತ್ತರ ಕೂಡಿಸಿ ಬರೆಯುವಾಗ ಮಾತ್ರ ಯಂತ್ರ ಆ ಸಾಲಿಗೆ ಬರುತ್ತದೆ ಎಂದು ಅರ್ನಾಲ್ಡ್ ಹೇಳಿದ್ದ. ಇನ್ನು ಒಂಬತ್ತು ನಿಮಿಷ. ಅವಳು ತಲೆಯೆತ್ತಿ, ಅತಿಥಿಗಳ ಹೆಗಲುಗಳ ನಡುವಿನಿಂದ ಅರ್ನಾಲ್ಡ್‌ನನ್ನು ನೋಡಿ ತುಟಿ ಆಡಿಸಿದಳು.

"ಹತ್ತೊಂಬತ್ತು. ಹನ್ನೊಂದು. ಬಿತ್ತು."

ಅವನೂ ತುಟಿಯಲ್ಲೇ ಕೇಳಿದ. "ಖಂಡಿತಾನಾ?"

"ಖಂಡಿತ."

ಅವನು ಕ್ರ್ಯಾಬ್‌ಟ್ರೀಯನ್ನು ನೋಡಿದ, ಮುದುಕರನ್ನು ನೋಡಿದ. ಯಾರಿಗೂ ಏನೂ ತಿಳಿದಿರಲಿಲ್ಲ. ಅವನ ತುಟಿಗಳು ಮೆಲ್ಲಗೆ ಆಡಿದವು. "ಸುಮ್ನೆ ಒತ್ತಿಬಿಡಿ. ಯಾರೂ ನೋಡ್ತಿಲ್ಲ."

ಗುಂಡಿ ಅವಳ ಕೈಗೆ ಒಂದು ಗೇಣು ದೂರದಲ್ಲಿತ್ತು. ಇಪ್ಪತ್ತಾರು ವರ್ಷ ರಫು ಹಾಕಿದ ಬೆರಳುಗಳು ತೊಡೆಯ ಮೇಲೆ ಚಡಪಡಿಸಿದವು. ಒತ್ತಿದರೆ ಹುಡುಗ ಉಳಿಯುತ್ತಾನೆ. ಅವನನ್ನು ಉಳಿಸುವುದಕ್ಕಿಂತ ಹೆಚ್ಚಿನದು ಈ ಲೋಕದಲ್ಲಿ ಅವಳಿಗೆ ಏನೂ ಬೇಕಾಗಿರಲಿಲ್ಲ. ಅವಳು ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಾಯಿಬಿಟ್ಟು ಹೇಳು" ಎಂದಿತು ಅವಳ ತುಟಿ. "ಹೇಳಿದ್ರೆ ಹಾಕ್ತೀನಿ."

ಎಷ್ಟು ಹೊತ್ತು ಹಾಗೇ ಒಬ್ಬರನ್ನೊಬ್ಬರು ನೋಡುತ್ತಿದ್ದರೋ. ಅವಳ ಲೆಕ್ಕದಲ್ಲಿ ಒಂದು ಯುಗ, ಗಡಿಯಾರದಲ್ಲಿ ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಅರ್ನಾಲ್ಡ್ ಕೈಯೆತ್ತಿ ಒಂದು ಸ್ವಿಚ್ಚು ಕೆಳಗೆಳೆದ. ಲೆಕ್ಕ ನಿಂತಿತು. ಚುಕ್ಕಿಗಳು ಇದ್ದಲ್ಲೇ ಹೊಳೆಯುತ್ತಿದ್ದವು.

"ಕ್ಷಮಿಸಿ" ಎಂದ. "ಯಂತ್ರ ಒಂದು ಚುಕ್ಕಿ ಮರ್ತಿದೆ. ಈಗಷ್ಟೇ. ಮಿಸೆಸ್ ಹೇಗ್ ನೋಡಿದ್ರು. ಮಿಸೆಸ್ ಹೇಗ್, ಹತ್ತೊಂಬತ್ತನೇ ಸಾಲು, ಹನ್ನೊಂದನೇ ಮನೆ. ರಫು ಹಾಕಿ."

ಎಲ್ಲರೂ ಅವಳ ಕಡೆ ತಿರುಗಿದರು. ಕ್ಲಾರಿಸ್ ತಿರುಗಣಿ ತಿರುಗಿಸಿ, ಮನೆಗಳನ್ನು ಬೆರಳಿನಲ್ಲಿ ಎಣಿಸಿ, ಗುಂಡಿ ಒತ್ತಿದಳು. ಚುಕ್ಕಿ ಬಂತು, ನಿಂತಿತು. "ಆಯ್ತು" ಎಂದಳು. ಅರ್ನಾಲ್ಡ್ ಸ್ವಿಚ್ಚು ಮೇಲೆತ್ತಿದ.

ಕ್ರ್ಯಾಬ್‌ಟ್ರೀ ಡಾಕ್ಟರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದ. ಉಳಿದ ಒಂಬತ್ತು ನಿಮಿಷ ಯಾರೂ ಕೂರಲಿಲ್ಲ. ಉತ್ತರ ಬಂದಾಗ ಮುದುಕರು ಜೇಬಿನ ಕಾಗದ ಬಿಡಿಸಿ, ಕನ್ನಡಕ ಹಾಕಿಕೊಂಡು, ಅಂಕಿಗೆ ಅಂಕಿ ಹೊಂದಿಸಿ ನೋಡಿದರು. ಸರಿಯಿತ್ತು.

"ಸರಿ ಅನ್ನೋದೇನೋ ಸರಿ" ಎಂದ ಕ್ರ್ಯಾಬ್‌ಟ್ರೀ. "ಆದ್ರೆ ಮರ್ತಿದ್ದೂ ಖರೆ. ಚಹಾದವರು ನೆನಪು ಮಾಡಿಕೊಟ್ಟ ಮೇಲೆ ಬಂತು."

ಮಿಸ್ಟರ್ ಪೆನ್ನಿಫೆದರ್ ಅವನ ಕಡೆ ತಿರುಗಿದರು. "ನಿಮ್ಮ ಪಾದರಸ ಮರೆಯೋದಿಲ್ವಾ?"

"ಅಪರೂಪಕ್ಕೆ."

"ಮರೆತಾಗ ಹೀಗೆ ಕಣ್ಣಿಗೆ ಕಾಣತ್ತಾ?"

ಕ್ರ್ಯಾಬ್‌ಟ್ರೀ ಸುಳ್ಳು ಹೇಳುವವನಲ್ಲ, ಅಷ್ಟು ಅವನ ಪರವಾಗಿ ಹೇಳಬೇಕು. "ಇಲ್ಲ. ಕೊಳವೆ ಒಳಗೆ ಅಲೆ ಓಡ್ತಿರತ್ತೆ. ಉತ್ತರ ಬರೋ ತನಕ ಗೊತ್ತಾಗಲ್ಲ."

"ಉತ್ತರ ಮುಂಚೆನೇ ಗೊತ್ತಿಲ್ದಿದ್ರೆ, ಬಂದ ಮೇಲೂ ಗೊತ್ತಾಗಲ್ಲ." ಮುದುಕರು ಕಾಗದ ಮಡಿಸಿ ಜೇಬಿಗಿಟ್ಟರು. "ನಾನು ಕಾಣೋದನ್ನೇ ಇಟ್ಕೊಳ್ತೀನಿ ಡಾಕ್ಟರ್ ಕ್ರಾಶಾ. ಮರೆಯೋರ ಜೊತೆ ನಲವತ್ತು ವರ್ಷ ಕೆಲಸ ಮಾಡಿದೀನಿ, ಮರ್ತೆ ಅಂತ ಹೇಳಿದೋನು ಇವನೇ ಮೊದಲು." ಅಷ್ಟು ಹೇಳಿ, ಕ್ಲಾರಿಸ್‌ಗೆ ಹ್ಯಾಟು ತೆಗೆದು ವಂದಿಸಿ, ಚಹಾ ಸಿಗುತ್ತದೆಯೇ ಎಂದು ಕೇಳಿದರು.

ಎಲ್ಲರೂ ಹೋದ ಮೇಲೆ ಅರ್ನಾಲ್ಡ್ ಅಡುಗೆಮನೆಗೆ ಬಂದು ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡ. ಅವಳು ತೊಳೆದು ಕೊಟ್ಟ ಎರಡು ಬಟ್ಟಲು ಒರೆಸಿಟ್ಟ.

"ಸುಮ್ನೆ ಒತ್ತಿ ಅಂದೆ ನಾನು" ಎಂದ. "ನೀವು ಒತ್ತಿಬಿಡ್ತೀರಿ ಅಂದ್ಕೊಂಡೆ. ಒತ್ತಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಿಂಗೆ ಗೊತ್ತಿರ್ತಿತ್ತಲ್ಲ ಮಗಾ."

ಅವನ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಬಂತು. ಕೈ ಒರೆಸಿಕೊಂಡು, ಯಾರಿಗೂ ಹೇಳಿರದ, ಗಂಡನಿಗೂ ಹೇಳಿರದ ಒಂದು ವಿಷಯವನ್ನು ಹೇಳಿದಳು.

"ಮೂವತ್ತೊಂದನೇ ಇಸವಿ. ಗಿರಣಿಗೆ ರಜೆ ಬಿಡೋ ಶನಿವಾರ. ಹೊರಗೆ ಸಮುದ್ರದ ದಂಡೆಗೆ, ಬ್ಲ್ಯಾಕ್‌ಪೂಲಿಗೆ ಹೋಗೋ ಬಸ್ಸು ನಿಂತಿದೆ, ನಮ್ಮನೆಯವರು ಕೆಳಗಿಂದ ಕೂಗ್ತಿದಾರೆ. ಕೈಯಲ್ಲಿ ನೇವಿ ಬ್ಲೂ ಬಟ್ಟೆ, ಕೊನೇ ಎರಡು ಗಜ. ಒಂದು ಎಳೆ ತಪ್ಪಿತ್ತು. ನೋಡ್ದೆ. ನೋಡಿ, ಸುತ್ತಿ ಕಳಿಸಿಬಿಟ್ಟೆ. ಯಾರೂ ಹಿಡೀಲಿಲ್ಲ. ಅದು ಎಲ್ಲೋ ಯಾರದ್ದೋ ಸೂಟಾಗಿದೆ. ಹದಿನೆಂಟು ವರ್ಷ ಆಯ್ತು, ಇವತ್ತಿಗೂ ಬಸ್ಸಲ್ಲಿ ನೀಲಿ ಕೋಟಿನೋರು ಮುಂದೆ ಕೂತ್ರೆ ನಾನು ಅವರ ಬೆನ್ನು ನೋಡ್ತೀನಿ."

"ಸಿಕ್ಕಿದ್ರೆ ಏನ್ಮಾಡ್ತೀರಿ?"

ಕ್ಲಾರಿಸ್ ಗೂಟಕ್ಕೆ ನೇತುಹಾಕಿದ್ದ ತನ್ನ ಕೈಚೀಲ ತೆಗೆದು, ತಳದಿಂದ ಒಂದು ರಟ್ಟಿನ ತುಂಡು ಹೊರತೆಗೆದಳು. ಅದಕ್ಕೆ ಒಂದು ಸೂಜಿ ಚುಚ್ಚಿತ್ತು, ಸುತ್ತ ನೇವಿ ಬ್ಲೂ ಉಣ್ಣೆಯ ಎಳೆ ಸುತ್ತಿತ್ತು.

ಅರ್ನಾಲ್ಡ್ ನಗಲಿಲ್ಲ. ಬಟ್ಟಲು ಕೆಳಗಿಟ್ಟು, ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಬಟ್ಟೆ ಯಾವ ನೇಯ್ಗೆಯದು, ತಪ್ಪಿದ್ದು ಹಾಸಿನ ಎಳೆಯೋ ಹೊಕ್ಕಿನದೋ ಎಂದು ಕೇಳಿದ. ಅವಳು ಹೇಳಿದಳು. ಅವನು ದಿನಾ ಓಲ್ಡಮ್ ರಸ್ತೆಯ ಬಸ್ಸಿನಲ್ಲಿ ಬರುವವನು. ಆ ಕಡೆಯ ನೀಲಿ ಕೋಟಿನ ಬೆನ್ನುಗಳನ್ನು ತಾನು ನೋಡುತ್ತೇನೆ ಎಂದ.